ವಾರ್ಡಿನ ವೋಟು, ಊರಿನ ಮೇಯರ್: ಅಭ್ಯರ್ಥಿಯನ್ನು ಅಳೆಯಲು 13 ಸೂತ್ರ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಈಗಿನ ಸದಸ್ಯರ ಅವಧಿ 2027ರಲ್ಲಿ ಮುಗಿಯುತ್ತದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂಬ ಹಳೆಯ ಬೇಡಿಕೆಗೆ ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಅಂದರೆ ಅವಳಿನಗರದ ಮತದಾರರ ಮುಂದಿನ ಪಾಲಿಕೆ ಚುನಾವಣೆ ಹಿಂದಿನಂತೆ ಇರುವುದಿಲ್ಲ. ಆಕಾಂಕ್ಷಿಗಳು ಮನೆ ಮನೆಗೆ ಬರುತ್ತಾರೆ, "ಅಕ್ಕಾರ, ಈ ಸಲ ನಮಗ ಆಶೀರ್ವಾದ ಮಾಡ್ರಿ" ಎನ್ನುತ್ತಾರೆ. ಅವರಲ್ಲಿ ಕೆಲವರಾದರೂ ಮೇಯರ್ ಗೌನಿನ ಕನಸು ಹೊತ್ತವರು. ಅವರನ್ನು ಒಳ್ಳೆಯವರೋ ಕೆಟ್ಟವರೋ ಎಂದಷ್ಟೇ ತೂಗಿ ನೋಡಿದರೆ ಸಾಲದು. ಪಾಲಿಕೆ ಎಂಬ ಸಂಸ್ಥೆ ಏನು ಮಾಡಬಲ್ಲದು, ಅದನ್ನು ಈ ವ್ಯಕ್ತಿ ಎಷ್ಟು ಬಲ್ಲ ಎಂದು ತೂಗಬೇಕು. ಮೈಸೂರು, ಮಂಗಳೂರು, ದಾವಣಗೆರೆ, ಶಿವಮೊಗ್ಗದವರಿಗೂ ಈ ಸೂತ್ರಗಳು ಹೆಚ್ಚುಕಡಿಮೆ ಹಾಗೇ ಒಪ್ಪುತ್ತವೆ.

1. ಮೇಯರ್ ಹೇಗಾಗುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ

ಉತ್ತರ ಪ್ರದೇಶ, ಮಧ್ಯಪ್ರದೇಶದ ಮತದಾರರು ಮೇಯರನ್ನು ನೇರವಾಗಿ ಆರಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ ಪ್ರಕಾರ ನೀವು ವಾರ್ಡಿನ ಸದಸ್ಯರನ್ನು ಆರಿಸುತ್ತೀರಿ, ಆ ಸದಸ್ಯರು ಮೇಯರನ್ನು ಆರಿಸುತ್ತಾರೆ. ಅವಧಿ ಒಂದೇ ವರ್ಷ. ಮೇಯರ್ ಸ್ಥಾನ ಯಾವ ವರ್ಷ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಸರ್ಕಾರ ಸರದಿಯ ಮೇಲೆ ಪ್ರಕಟಿಸುತ್ತದೆ. ಸಾಮಾನ್ಯ ಮಹಿಳೆಗೆ ಮೀಸಲಾದ ವರ್ಷ ನಿಮ್ಮ ವಾರ್ಡಿನ ಯುವ ನಾಯಕ ಎಷ್ಟೇ ಸಮರ್ಥನಾಗಿರಲಿ, ಆ ಕುರ್ಚಿ ಅವನದಲ್ಲ.

ಮೇಯರ್ ಚುನಾವಣೆಯಲ್ಲಿ ವಾರ್ಡು ಸದಸ್ಯರ ಜೊತೆಗೆ ಆ ಊರಿಗೆ ಸಂಬಂಧಿಸಿದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರೂ ಮತ ಹಾಕುತ್ತಾರೆ. ಇದರಿಂದ ಲೆಕ್ಕ ಹೇಗೆ ತಿರುಗುತ್ತದೆ ಎಂದು ನೋಡಬೇಕಾದರೆ ಕಲಬುರಗಿಗೆ ಹೋಗಿ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ 55 ವಾರ್ಡುಗಳ ಪೈಕಿ 27 ಗೆದ್ದು ಕಾಂಗ್ರೆಸ್ ಅತಿದೊಡ್ಡ ಪಕ್ಷವಾಯಿತು, ಬಿಜೆಪಿಗೆ ಬಂದದ್ದು 23. ಆದರೂ 2023ರ ಮಾರ್ಚ್‌ನಲ್ಲಿ ಮೇಯರ್ ಸ್ಥಾನ ಬಿಜೆಪಿಗೆ ಹೋಯಿತು. ಹುಬ್ಬಳ್ಳಿ-ಧಾರವಾಡದ 82 ವಾರ್ಡುಗಳಲ್ಲೂ ಬಹುಮತಕ್ಕೆ ಬೇಕಾದ 42 ಯಾರಿಗೂ ಬರಲಿಲ್ಲ. ಬಿಜೆಪಿ 39ಕ್ಕೆ ನಿಂತಿತು, ಕಾಂಗ್ರೆಸ್ 33ಕ್ಕೆ. ಇಂಥ ಸಂದರ್ಭದಲ್ಲಿ ಪಕ್ಷೇತರರ ಒಂದೊಂದು ಮತಕ್ಕೂ ತೂಕ ಬರುತ್ತದೆ. ಪಕ್ಷದ ಚಿಹ್ನೆಯ ಮೇಲೆ ಗೆದ್ದವರಾದರೆ ವಿಪ್ ಮೀರುವಂತಿಲ್ಲ, ಅದಕ್ಕೆಂದೇ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಹಾಗಾಗಿ ಪಕ್ಷದ ಅಭ್ಯರ್ಥಿಗೆ ಮತ ಕೊಡುವಾಗ ಮೇಯರ್ ಆಯ್ಕೆಯನ್ನು ಆ ಪಕ್ಷದ ನಾಯಕರ ಕೈಗೆ ಕೊಟ್ಟಿದ್ದೀರಿ ಎಂದೇ ಅರ್ಥ. ಪಕ್ಷೇತರನಿಗೆ ಕೊಡುವುದಾದರೆ "ಮೇಯರ್ ಚುನಾವಣೇಲಿ ಯಾರ ಕಡೆ ಕೈ ಎತ್ತುತೀರಿ?" ಎಂದು ಮೊದಲೇ ಕೇಳಿ, ನಾಲ್ಕು ಜನರ ಮುಂದೆ ಉತ್ತರ ಪಡೆಯಿರಿ.

2. "ನಾನೇ ಮುಂದಿನ ಮೇಯರ್" ಎಂದವರಿಗೆ ಎರಡು ಪ್ರಶ್ನೆ

ಸಿಗುವ ಹನ್ನೆರಡು ತಿಂಗಳಲ್ಲಿ ಮುಗಿಸಬಹುದಾದ ಒಂದು ಕೆಲಸ ಯಾವುದು? ಮೇಯರ್ ಆಗದಿದ್ದರೆ ಯಾವ ಸ್ಥಾಯಿ ಸಮಿತಿಗೆ ಹೋಗುತ್ತೀರಿ?

ಎರಡನೆಯ ಪ್ರಶ್ನೆಯೇ ಹೆಚ್ಚು ಬೆಲೆಯದು. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ: ಪಾಲಿಕೆಯ ಕಡತ ಹಾದುಹೋಗುವ ಜಾಗಗಳು ಇವು. ಪಾಲಿಕೆಯ ಬಜೆಟ್ ಮಂಡಿಸುವುದು ಮೇಯರ್ ಅಲ್ಲ, ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು. ಇಷ್ಟು ಗೊತ್ತಿಲ್ಲದೆ ಮೇಯರ್ ಆಗಲು ಹೊರಟವರು ಆ ಒಂದು ವರ್ಷದ ಅರ್ಧಭಾಗವನ್ನು ಕಲಿಯುವುದರಲ್ಲೇ ಕಳೆಯುತ್ತಾರೆ. ಉಳಿದರ್ಧದಲ್ಲಿ ಸನ್ಮಾನ ಮುಗಿಯುವುದಿಲ್ಲ.

3. ಪಾಲಿಕೆಯ ಕೈಯಲ್ಲಿಲ್ಲದ ಭರವಸೆಯನ್ನು ಲೆಕ್ಕದಿಂದ ತೆಗೆಯಿರಿ

ಕರಪತ್ರವನ್ನು ಕೈಗೆ ತೆಗೆದುಕೊಂಡು ಪೆನ್ನಿನಿಂದ ಗುರುತು ಹಾಕಿ. ಕರೆಂಟು ಹೆಸ್ಕಾಂನದು. ಟ್ರಾಫಿಕ್ ಪೊಲೀಸರದು. ರೇಷನ್ ಕಾರ್ಡು ಆಹಾರ ಇಲಾಖೆಯದು. ಸಿಟಿ ಬಸ್ಸು ವಾಯವ್ಯ ಸಾರಿಗೆ ಸಂಸ್ಥೆಯದು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಹಾದಿ ಬಿಆರ್‌ಟಿಎಸ್ ಕಂಪನಿಯದು. ಇವುಗಳ ಬಗ್ಗೆ ಕಾರ್ಪೊರೇಟರ್ ಅರ್ಜಿ ಕೊಡಬಹುದು, ಒತ್ತಾಯ ಮಾಡಬಹುದು, ಆದೇಶ ಮಾಡಲು ಬರುವುದಿಲ್ಲ.

ಪಾಲಿಕೆಯ ಕೈಯಲ್ಲಿ ಇರುವುದೇನು? ಕಸ, ಗಟಾರ, ಒಳಚರಂಡಿ, ಓಣಿಯ ರಸ್ತೆ, ಬೀದಿದೀಪ, ಉದ್ಯಾನ, ಸ್ಮಶಾನ, ಮಾರುಕಟ್ಟೆ, ಕಟ್ಟಡ ಪರವಾನಗಿ, ವ್ಯಾಪಾರ ಪರವಾನಗಿ, ಆಸ್ತಿ ಕರ, ಖಾತೆ, ಜನನ-ಮರಣ ನೋಂದಣಿ, ಬೀದಿನಾಯಿ, ಸೊಳ್ಳೆ. 1993ರ ಜೂನ್‌ನಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಸಂವಿಧಾನಕ್ಕೆ ಹನ್ನೆರಡನೇ ಅನುಸೂಚಿ ಸೇರಿಸಿ 18 ವಿಷಯಗಳನ್ನು ನಗರಗಳಿಗೆ ಪಟ್ಟಿ ಮಾಡಿತು. ಎಲ್ಲವೂ ಪೂರ್ತಿ ಕೈಗೆ ಬಂದಿಲ್ಲ ಎಂಬುದು ನಿಜ. ಬಂದಿರುವಷ್ಟರಲ್ಲೇ ಒಂದು ಓಣಿಯ ಬದುಕು ಬದಲಾಗುತ್ತದೆ.

ಅವಳಿನಗರದಲ್ಲಿ ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ನೀರಿನಲ್ಲಿ. ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರದಿಂದ ಬರುತ್ತದೆ. ಸರಬರಾಜು 2003ರಲ್ಲಿ ಪಾಲಿಕೆಯಿಂದ ರಾಜ್ಯದ ನೀರು ಮಂಡಳಿಗೆ ಹೋಯಿತು, 2022ರಲ್ಲಿ ಖಾಸಗಿ ಕಂಪನಿಯ ಕೈಗೆ ಬಂತು. 2008ರ ಸುಮಾರಿಗೇ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಹರಿಯಲು ಶುರುವಾಗಿತ್ತು. ಅದೇ ಊರಿನ ಉಳಿದ ಓಣಿಗಳಲ್ಲಿ ಐದಾರು ದಿನಕ್ಕೊಮ್ಮೆ ನಳ ಬರುವಾಗ ಕೊಡ, ಬಕೆಟ್, ಬ್ಯಾರೆಲ್ ತುಂಬಿಸಿಕೊಳ್ಳುವ ಬದುಕು ಮುಂದುವರಿಯಿತು. "ನಿಮ್ಮ ಓಣಿಗೆ 24 ತಾಸು ನೀರು ಕೊಡಸ್ತೀನ್ರಿ" ಎಂದವರನ್ನು ಹೀಗೆ ಕೇಳಿ: ನಮ್ಮ ವಾರ್ಡಿಗೆ ನೀರು ಕೊಡುವ ಓವರ್‌ಹೆಡ್ ಟ್ಯಾಂಕ್ ಯಾವುದು? ಹೊಸ ಪೈಪು ಎಲ್ಲಿಯತನಕ ಬಂದಿದೆ? ಪೈಪಿಗಾಗಿ ಅಗೆದ ರಸ್ತೆಯನ್ನು ಮೊದಲಿನಂತೆ ಮಾಡುವ ಹೊಣೆ ಯಾರದು, ಅದನ್ನು ಬರೆಸಿಕೊಂಡಿದ್ದಾರಾ? ಕಂಪನಿಯ ಕೆಲಸವನ್ನು ಪಾಲಿಕೆಯ ಸಾಮಾನ್ಯ ಸಭೆಗೆ ತಂದು ಪ್ರಶ್ನೆ ಕೇಳುವೆ ಎನ್ನುವವರು, ತಾವೇ ನೀರು ತರುತ್ತೇನೆ ಎನ್ನುವವರಿಗಿಂತ ನಂಬಿಕೆಗೆ ಅರ್ಹರು.

4. ಪ್ರಮಾಣಪತ್ರ ಓದಿ, ಪೂರ್ತಿ ಓದಿ

ಪಾಲಿಕೆ ಚುನಾವಣೆಯಲ್ಲೂ ಅಭ್ಯರ್ಥಿ ನಾಮಪತ್ರದ ಜೊತೆ ಆಸ್ತಿ, ಸಾಲ, ಶಿಕ್ಷಣ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಓಣಿಯಲ್ಲಿ ಒಬ್ಬರು ಅದರ ಪ್ರತಿ ತಂದರೆ ಹತ್ತು ಮನೆಗೆ ಸಾಕು.

ಕೇಸುಗಳ ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಕಲಂ ನೋಡಿ. ಮಹದಾಯಿ ಹೋರಾಟದಲ್ಲಿ ರಸ್ತೆಗಿಳಿದು ಕೇಸು ಹಾಕಿಸಿಕೊಂಡವರೂ ನಮ್ಮ ಭಾಗದಲ್ಲಿ ಇದ್ದಾರೆ. ಹಳೆಯ ಭಾರತೀಯ ದಂಡ ಸಂಹಿತೆಯ 143 ಅಂದರೆ ಅಕ್ರಮ ಕೂಟ, ಪ್ರತಿಭಟನೆಗಳಲ್ಲಿ ಬೀಳುವಂಥದ್ದು. 420 ಅಂದರೆ ವಂಚನೆ, 384 ಅಂದರೆ ಸುಲಿಗೆ, 447 ಅಂದರೆ ಬೇರೆಯವರ ಜಾಗಕ್ಕೆ ಅತಿಕ್ರಮ ಪ್ರವೇಶ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ವಂಚನೆ 318 ಆಗಿದೆ, ಸುಲಿಗೆ 308. ಖಾತೆ ಮತ್ತು ಕಟ್ಟಡ ಪರವಾನಗಿಯ ಕಚೇರಿಯಲ್ಲಿ ನಾಳೆ ಪ್ರಭಾವ ಬೀರುವ ವ್ಯಕ್ತಿಯ ಮೇಲೆ ವಂಚನೆ, ಅತಿಕ್ರಮ ಪ್ರವೇಶದ ಪ್ರಕರಣ ಇದ್ದರೆ ಅದರ ವಿವರಣೆ ಕೇಳುವುದು ನಿಮ್ಮ ಹಕ್ಕು. ಆರೋಪ ಇನ್ನೂ ಸಾಬೀತಾಗಿಲ್ಲ ಎಂಬುದನ್ನೂ ನೆನಪಿಡಿ. ಹೇಳಿಕೊಳ್ಳಲು ಅವರಿಗೆ ಅವಕಾಶ ಕೊಟ್ಟು ಉತ್ತರ ಕೇಳಿ.

ಎರಡನೇ ಸಲ ನಿಂತವರಾದರೆ ಹಿಂದಿನ ಪ್ರಮಾಣಪತ್ರವನ್ನೂ ಪಕ್ಕಕ್ಕಿಟ್ಟು ನೋಡಿ. ಆಸ್ತಿ ಬೆಳೆದದ್ದೇ ತಪ್ಪಲ್ಲ. ಬೆಳೆದ ಆಸ್ತಿ ಯಾವ ಬಡಾವಣೆಯಲ್ಲಿದೆ, ಆ ಬಡಾವಣೆಗೆ ಅನುಮತಿ ಸಿಕ್ಕಾಗ ಇವರು ಯಾವ ಸಮಿತಿಯಲ್ಲಿದ್ದರು ಎಂದು ಹೊಂದಿಸಿ ನೋಡುವುದು ಮತದಾರನ ಕೆಲಸ.

5. ಗುತ್ತಿಗೆದಾರರ ನಂಟು ಕೇಳಿ

ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇದ್ದರೆ ಸದಸ್ಯತ್ವವೇ ಹೋಗಬಹುದು ಎಂದು ಪಾಲಿಕೆ ಕಾಯ್ದೆಯ 26ನೇ ಕಲಂ ಹೇಳುತ್ತದೆ. ಬೆಳಗಾವಿಯ ತಿನಿಸು ಕಟ್ಟೆ ಮಳಿಗೆಗಳ ವಿಷಯದಲ್ಲಿ ಇಂಥದೇ ಪ್ರಶ್ನೆ ಎದ್ದು, ಸದಸ್ಯರ ಅನರ್ಹತೆಯ ಆದೇಶದವರೆಗೆ ಹೋಗಿ, ಕೋರ್ಟಿನ ಮೆಟ್ಟಿಲೇರಿತು. ನಿಮ್ಮ ವಾರ್ಡಿನ ಅಭ್ಯರ್ಥಿಯ ತಮ್ಮನೋ ಬೀಗರೋ ಗಟಾರದ ಕೆಲಸ ಹಿಡಿಯುವವರಾದರೆ ಅದು ಓಣಿಗೆಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ, ಆರು ತಿಂಗಳಿಗೆ ಕಿತ್ತು ಬರುವ ಕಾಂಕ್ರೀಟಿನ ಬಗ್ಗೆ ದೂರು ಕೊಡಲು ಮುಂದೆ ಯಾರೂ ಇರುವುದಿಲ್ಲ.

6. ಅಭ್ಯರ್ಥಿಯ ಜೊತೆ ಗಟಾರ ನೋಡಲು ಹೋಗಿ

ಪ್ರಚಾರದ ಮೆರವಣಿಗೆ ಓಣಿಯ ನಡುವೆ ಸಾಗುತ್ತದೆ, ಗಟಾರ ಓಣಿಯ ಅಂಚಿನಲ್ಲಿರುತ್ತದೆ. ಅವರನ್ನು ಅಂಚಿಗೆ ಕರೆಯಿರಿ. "ಅಣ್ಣಾರ, ಒಂದ್ ಐದ್ ನಿಮಿಷ ಇಲ್ಲಿ ಬರ್ರಿ" ಎಂದರೆ ಮತ ಕೇಳಲು ಬಂದವರು ಬಾರದೆ ಇರಲಾರರು.

ಹಳೇ ಹುಬ್ಬಳ್ಳಿಯ ಯಾವುದಾದರೂ ಓಣಿಯಲ್ಲಿ ಮಳೆಗಾಲಕ್ಕೆ ಮುನ್ನ ನಿಂತು ನೋಡಿದರೆ ಕಾಣುವುದು ಇದು. ಹೂಳು ತೆಗೆಯುವವರು ಬಂದು ಕಲ್ಲುಚಪ್ಪಡಿ ಎತ್ತಿ ಕಪ್ಪು ಕೆಸರನ್ನು ಗಟಾರದ ದಂಡೆಗೇ ರಾಶಿ ಹಾಕುತ್ತಾರೆ. ರಾಶಿಯಲ್ಲಿ ಗುಟ್ಕಾ ಪಾಕೀಟು, ಹಾಲಿನ ಕವರು, ಒಡೆದ ಹೆಂಚಿನ ತುಂಡು, ತೆಂಗಿನ ಚಿಪ್ಪು. ಒಣಗಲಿ, ಆಮೇಲೆ ಒಯ್ಯುತ್ತೇವೆ ಎನ್ನುತ್ತಾರೆ. ಒಯ್ಯುವ ಟ್ರ್ಯಾಕ್ಟರು ಬರುವ ಮೊದಲು ಮಳೆ ಬರುತ್ತದೆ, ಅಷ್ಟೂ ಕೆಸರು ಮತ್ತೆ ಗಟಾರಕ್ಕೇ ಇಳಿಯುತ್ತದೆ. ಹೂಳು ತೆಗೆದ ಬಿಲ್ಲು ಮಾತ್ರ ಪಾಸಾಗಿರುತ್ತದೆ. ಮನೆಯ ಹೊಸ್ತಿಲಿಗೆ ನೀರು ನುಗ್ಗುವುದು ಮಳೆ ಜಾಸ್ತಿಯಾಗಿದ್ದಕ್ಕಲ್ಲ, ಈ ಎರಡು ದಿನದ ತಡಕ್ಕೆ.

ಅಲ್ಲಿ ನಿಂತು ಅಭ್ಯರ್ಥಿಯನ್ನು ಕೇಳಿ: ಈ ಗಟಾರದ ನೀರು ಮುಂದೆ ಎಲ್ಲಿಗೆ ಸೇರುತ್ತದೆ? ಉಣಕಲ್ ನಾಲಾಕ್ಕೋ, ಬೇರೆ ಹಳ್ಳಕ್ಕೋ? ಮಳೆನೀರಿನ ಗಟಾರಕ್ಕೆ ಯಾರ ಮನೆಯ ಪಾಯಖಾನೆಯ ಪೈಪು ಸೇರಿದೆ? ಒಳಚರಂಡಿಯ ಛೇಂಬರ್ ಎಲ್ಲೆಲ್ಲಿ ಉಕ್ಕುತ್ತದೆ? ಹೂಳು ತೆಗೆದ ದಿನವೇ ಸಾಗಿಸಬೇಕೆಂದು ಗುತ್ತಿಗೆಯಲ್ಲಿ ಬರೆಸುತ್ತೀರಾ? ಉಣಕಲ್ ನಾಲಾದ ದಂಡೆಯ ಮೇಲೆ ಸ್ಮಾರ್ಟ್ ಸಿಟಿ ಕಂಪನಿ ಹಸಿರು ಹಾದಿ ಮಾಡಿದೆ. ಕಟ್ಟಿದ್ದು ಒಬ್ಬರು, ಮುಂದೆ ಅದನ್ನು ಕಾಯಬೇಕಾದವರು ಪಾಲಿಕೆಯವರು. ಅದರ ನಿರ್ವಹಣೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಯೋಚಿಸಿರುವ ಅಭ್ಯರ್ಥಿ ಸಿಕ್ಕರೆ ಅವರನ್ನು ಗಂಭೀರವಾಗಿ ಪರಿಗಣಿಸಿ.

ಗೊತ್ತಿಲ್ಲ ಎಂದು ಹೇಳಿ ಮರುದಿನ ಎಂಜಿನಿಯರನ್ನು ಕೇಳಿ ಬಂದು ಉತ್ತರಿಸುವವರಿಗೂ ಅಂಕ ಕೊಡಿ. ನಿಂತಲ್ಲೇ "ಎಲ್ಲಾ ಮಾಡೋಣ್ರಿ" ಎನ್ನುವವರಿಗೆ ಬೇಡ.

7. ಹಣದ ಲೆಕ್ಕ ಕೇಳಿ

ಪಾಲಿಕೆಯ ಸ್ವಂತ ಆದಾಯದ ಬೆನ್ನೆಲುಬು ಆಸ್ತಿ ಕರ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುವ ತೆರಿಗೆ ಇದು. ಉಳಿದದ್ದು ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ನಗರೋತ್ಥಾನದಂಥ ಯೋಜನೆಯ ಹಣ. ಯೋಜನೆಯ ಹಣಕ್ಕೆ ಮೇಲಿನಿಂದ ಷರತ್ತು ಬರುತ್ತದೆ. ಪಾಲಿಕೆ ತನ್ನಿಷ್ಟದಂತೆ ಖರ್ಚು ಮಾಡಬಲ್ಲದ್ದು ತಾನೇ ವಸೂಲು ಮಾಡಿದ್ದನ್ನು.

ಆದ್ದರಿಂದ "ತೆರಿಗೆ ಕಡಿಮೆ ಮಾಡಿಸ್ತೀನಿ, ಸಿಸಿ ರಸ್ತೆ ಎಲ್ಲಾ ಓಣಿಗೂ ಮಾಡಿಸ್ತೀನಿ" ಎಂಬ ಎರಡು ಮಾತು ಒಂದೇ ಬಾಯಲ್ಲಿ ಬಂದಾಗ ಎರಡರಲ್ಲಿ ಯಾವುದನ್ನು ಬಿಡುತ್ತೀರಿ ಎಂದು ಕೇಳಿ. ತೆರಿಗೆಯ ಜಾಲಕ್ಕೇ ಬಾರದ ದೊಡ್ಡ ಕಟ್ಟಡಗಳು, ವರ್ಷಗಟ್ಟಲೆ ಹಳೆಯ ಬಾಡಿಗೆಯಲ್ಲೇ ಇರುವ ಪಾಲಿಕೆ ಮಳಿಗೆಗಳು, ಬಾಕಿ ಉಳಿಸಿಕೊಂಡ ಸಂಸ್ಥೆಗಳು: ಇವುಗಳಿಂದ ವಸೂಲು ಮಾಡುವ ಮಾತನ್ನು ಯಾರು ಆಡುತ್ತಾರೆ ನೋಡಿ. ಆ ಮಾತು ಆಡಲು ಧೈರ್ಯ ಬೇಕು, ಏಕೆಂದರೆ ಬಾಕಿ ಉಳಿಸಿಕೊಂಡವರಲ್ಲಿ ಹಲವರು ಚುನಾವಣೆಗೆ ದೇಣಿಗೆ ಕೊಡುವವರೇ. ಅಭ್ಯರ್ಥಿ ತಮ್ಮ ಸ್ವಂತ ಮನೆಯ ಆಸ್ತಿ ಕರದ ರಸೀದಿ ತೋರಿಸಲಿ ಎಂದು ಕೇಳುವುದೂ ತಪ್ಪಲ್ಲ.

8. ಹಳೆಯ ಸದಸ್ಯರಾದರೆ ಸಭೆಯ ನಡಾವಳಿ ತರಿಸಿ

ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು. ಮೂರು ವಿಷಯ ಕೇಳಿದರೆ ಸಾಕು: ಸಾಮಾನ್ಯ ಸಭೆಗಳಿಗೆ ಹಾಜರಿ, ಎತ್ತಿದ ಪ್ರಶ್ನೆಗಳು, ವಾರ್ಡಿನಲ್ಲಿ ಆದ ಕಾಮಗಾರಿಗಳ ಪಟ್ಟಿ. ಪಟ್ಟಿಯಲ್ಲಿ ಪ್ರತಿ ಕೆಲಸದ ಮೊತ್ತ, ಗುತ್ತಿಗೆದಾರರ ಹೆಸರು, ದೋಷ ಸರಿಪಡಿಸುವ ಹೊಣೆಯ ಅವಧಿ ಇರುತ್ತದೆ. ಆ ಅವಧಿಯೊಳಗೆ ರಸ್ತೆ ಹಾಳಾದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ಪಟ್ಟಿ ಹಿಡಿದು ರಸ್ತೆಗಿಳಿಯಿರಿ. ಟೆಂಡರ್ ತಪ್ಪಿಸಲು ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ ಬರೆದಿದ್ದರೆ ಪಟ್ಟಿಯಲ್ಲೇ ಕಣ್ಣಿಗೆ ಬೀಳುತ್ತದೆ.

ಅರ್ಜಿಯನ್ನು ಚುನಾವಣೆ ಘೋಷಣೆಗೆ ಮೊದಲೇ ಹಾಕಿ. ಘೋಷಣೆಯಾದ ಮೇಲೆ ಸಮಯ ಉಳಿಯುವುದಿಲ್ಲ.

9. ಮಹಿಳಾ ಅಭ್ಯರ್ಥಿಯ ಜೊತೆ ಮಾತಾಡಿ, ಅವರ ಗಂಡನ ಜೊತೆ ಅಲ್ಲ

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅವಳಿನಗರಕ್ಕೆ, ಬೆಳಗಾವಿಗೆ, ಮೈಸೂರಿಗೆ ಮಹಿಳಾ ಮೇಯರ್‌ಗಳು ಬಂದು ಹೋಗಿದ್ದಾರೆ. ಆದರೂ ಪ್ರಚಾರದ ಬ್ಯಾನರಿನಲ್ಲಿ ಅಭ್ಯರ್ಥಿಯ ಫೋಟೋಗಿಂತ ಅವರ ಯಜಮಾನರ ಫೋಟೋ ದೊಡ್ಡದಿರುವುದನ್ನು ನೀವು ನೋಡಿರುತ್ತೀರಿ. ಮನೆ ಬಾಗಿಲಲ್ಲಿ ಮಾತಾಡುವವರು ಯಜಮಾನರು, ಫೋನ್ ನಂಬರು ಯಜಮಾನರದು, ಗೆದ್ದ ಮೇಲೆ ಅಧಿಕಾರಿಗಳ ಕೊಠಡಿಗೆ ಹೋಗುವವರೂ ಅವರೇ.

ಇದಕ್ಕೆ ಕಡಿವಾಣ ಹಾಕಲು ಮತದಾರರಿಗೆ ಸುಲಭದ ದಾರಿ ಇದೆ. ಪ್ರಶ್ನೆಯನ್ನು ಅಭ್ಯರ್ಥಿಯ ಮುಖ ನೋಡಿ ಕೇಳಿ. ಪಕ್ಕದವರು ಉತ್ತರಿಸಲು ಬಂದರೆ, "ಸರ್, ಮೇಡಂ ಹೇಳಲಿ, ನಾವು ಮತ ಹಾಕೋದು ಅವರಿಗೆ" ಎಂದು ವಿನಯದಿಂದ ಹೇಳಿ, ಕಾಯಿರಿ. ಮೊದಲ ಸಲ ನಿಂತ ಹೆಣ್ಣುಮಕ್ಕಳು ತಡವರಿಸಬಹುದು, ತಡವರಿಸಲಿ. ನಳಕ್ಕೆ ಎಷ್ಟು ದಿನಕ್ಕೆ ನೀರು ಬರುತ್ತದೆ, ಅಂಗನವಾಡಿಯ ಹಾದಿಯಲ್ಲಿ ದೀಪ ಇದೆಯೇ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವರಿಗೆ ಯಜಮಾನರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರ ಸ್ವಂತ ಫೋನ್ ನಂಬರು ಕೇಳಿ ಬರೆದುಕೊಳ್ಳಿ. ಸ್ವಸಹಾಯ ಸಂಘದ ಲೆಕ್ಕ ಇಟ್ಟವರು, ಆಶಾ ಕಾರ್ಯಕರ್ತೆಯಾಗಿ ಮನೆ ಮನೆ ಸುತ್ತಿದವರು, ಶಾಲಾಭಿವೃದ್ಧಿ ಸಮಿತಿಯಲ್ಲಿ ಜಗಳವಾಡಿ ಕೆಲಸ ಮಾಡಿಸಿದವರು ಎಷ್ಟೋ ಜನ ಇದ್ದಾರೆ. ಅಂಥವರು ನಿಂತರೆ ಗಟ್ಟಿಯಾಗಿ ಬೆಂಬಲಿಸಿ. ಅವರಿಗೆ ಸಿಗಬೇಕಾದ ಕುರ್ಚಿಯ ಮೇಲೆ ಬೇರೆಯವರು ಕೂರುವುದನ್ನು ಸಹಜವೆಂದು ಒಪ್ಪಿಕೊಂಡವರಲ್ಲಿ ಮತದಾರರಾದ ನಾವೂ ಇದ್ದೇವೆ ಎಂಬುದು ನನ್ನನ್ನು ಬಹಳ ಕಾಡುತ್ತದೆ.

10. ಪೌರಕಾರ್ಮಿಕರ ಅಭಿಪ್ರಾಯ ಕೇಳಿ

ಬೆಳಿಗ್ಗೆ ಆರಕ್ಕೆ ಓಣಿಗೆ ಬರುವ ಪೌರಕಾರ್ಮಿಕರಿಗೆ ವಾರ್ಡಿನ ಯಾವ ಮುಖಂಡರು ಎಂಥವರೆಂಬುದು ಗೊತ್ತಿರುತ್ತದೆ. ಯಾರು ಏಕವಚನದಲ್ಲಿ ಮಾತಾಡಿಸುತ್ತಾರೆ, ಯಾರ ಮನೆಯ ಕಸ ಇವತ್ತಿಗೂ ಹಸಿ-ಒಣ ಬೇರೆಯಾಗದೆ ಬರುತ್ತದೆ, ಯಾರು ಗ್ಲೌಸು-ಬೂಟು ಬಂದಿಲ್ಲವೆಂದು ಒಮ್ಮೆಯಾದರೂ ಕಚೇರಿಗೆ ಫೋನ್ ಮಾಡಿದ್ದಾರೆ. ಕಸ ವಿಂಗಡಣೆ 2016ರ ನಿಯಮದಿಂದಲೇ ಕಡ್ಡಾಯ. ಅದೇ 2016ರಲ್ಲಿ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಪಡೆದ ಮೈಸೂರಿನಲ್ಲಿ ಕುಂಬಾರಕೊಪ್ಪಲಿನಂಥ ಕಡೆ ವಾರ್ಡಿನ ಮಟ್ಟದಲ್ಲೇ ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಘಟಕ ನಡೆದಿದೆ. ನಿಮ್ಮ ಅಭ್ಯರ್ಥಿ ಅಂಥದ್ದಕ್ಕೆ ವಾರ್ಡಿನಲ್ಲಿ ಜಾಗ ಗುರುತಿಸಿದ್ದಾರಾ, ಅಥವಾ ಕಸ ಊರಾಚೆ ಹೋದರೆ ಸಾಕು ಎನ್ನುತ್ತಾರಾ?

11. ವಾರ್ಡ್ ಸಮಿತಿಯ ಮಾತು ಬರೆಸಿಕೊಳ್ಳಿ

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ಹೇಳುತ್ತದೆ. ಅವಳಿನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ 9.4 ಲಕ್ಷ. ವಾರ್ಡ್ ಸಮಿತಿಗೆ ಅಧ್ಯಕ್ಷರು ಆ ವಾರ್ಡಿನ ಕಾರ್ಪೊರೇಟರ್. ಸಮಿತಿ ಜೀವಂತ ಇರುವುದೂ ಕಾಗದದ ಮೇಲೆ ಉಳಿಯುವುದೂ ಬಹುಪಾಲು ಅವರ ಮನಸ್ಸಿನ ಮೇಲೆ ನಿಂತಿದೆ. ತಿಂಗಳಿಗೊಮ್ಮೆ, ನಿಗದಿತ ವಾರ, ನಿಗದಿತ ಜಾಗದಲ್ಲಿ ಸಭೆ ಕರೆಯುತ್ತೇನೆ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಲು ಹೇಳಿ. ಅಚ್ಚಾದ ಮಾತನ್ನು ಆಮೇಲೆ ತೋರಿಸಿ ಕೇಳಲು ಬರುತ್ತದೆ.

12. ಕವರು, ಕುಕ್ಕರು, ಸೀರೆ

ಬೇಡ ಎನ್ನಿ. ಒಂದು ಮನೆಗೆ ಹಂಚಿದ್ದನ್ನು ವಾರ್ಡಿನ ಅಷ್ಟೂ ಮನೆಗೆ ಗುಣಿಸಿ ನೋಡಿದರೆ ಆ ಹಣ ಎಲ್ಲಿಂದ ವಾಪಸು ಬರಬೇಕು ಎಂಬುದು ತಿಳಿಯುತ್ತದೆ. ಬರುವುದು ನಿಮ್ಮ ಗಟಾರದ ಸಿಮೆಂಟಿನಿಂದ.

13. ಪಟ್ಟಿಯಲ್ಲಿ ಹೆಸರು ನೋಡಿ, ಮತ ಹಾಕಿ, ಆಮೇಲೂ ಬಿಡಬೇಡಿ

ವಾರ್ಡುಗಳ ಗಡಿ ಮರುವಿಂಗಡಣೆಯಾದಾಗ ಹೆಸರು ಪಕ್ಕದ ವಾರ್ಡಿಗೆ ಹೋಗಿರುತ್ತದೆ, ಗಂಡನ ಹೆಸರು ಒಂದು ಕಡೆ, ಹೆಂಡತಿಯದು ಇನ್ನೊಂದು ಕಡೆ. ಕರಡು ಪಟ್ಟಿ ಬಂದಾಗಲೇ ನೋಡಿ, ಆಕ್ಷೇಪಣೆ ಸಲ್ಲಿಸಿ. 2021ರ ಸೆಪ್ಟೆಂಬರ್ 3ರಂದು ಹುಬ್ಬಳ್ಳಿ-ಧಾರವಾಡದಲ್ಲಿ ಮತ ಹಾಕಿದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ವಾರ್ಡಿನ ಚುನಾವಣೆಯಲ್ಲಿ ನೂರಿನ್ನೂರು ಮತಗಳ ಅಂತರ ದೊಡ್ಡದು. ಒಂದು ಅಪಾರ್ಟ್‌ಮೆಂಟಿನವರು ರಜೆಯೆಂದು ಊರಿಗೆ ಹೋದರೆ ಫಲಿತಾಂಶ ತಿರುಗಬಹುದು.

ಮತ ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ ಎಂಬುದನ್ನು ನಮ್ಮ ಊರುಗಳೇ ಕಲಿಸಿವೆ. ಹುಬ್ಬಳ್ಳಿ-ಧಾರವಾಡದ ಹಿಂದಿನ ಪಾಲಿಕೆಯ ಅವಧಿ 2019ರಲ್ಲೇ ಮುಗಿದಿತ್ತು, ಚುನಾವಣೆ ಆದದ್ದು 2021ರಲ್ಲಿ. ಗೆದ್ದವರು ಮೇಯರನ್ನು ಆರಿಸಿ ಅಧಿಕಾರ ಹಿಡಿಯಲು 2022ರ ಮೇ ತಿಂಗಳ ತನಕ ಕಾಯಬೇಕಾಯಿತು. ಬೆಳಗಾವಿಯಲ್ಲಿ ಅದೇ ದಿನ ಗೆದ್ದವರಿಗೆ ಮೇಯರ್ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ. ಅಷ್ಟೂ ತಿಂಗಳು ಜನ ಆರಿಸಿದ ಸದಸ್ಯರಿದ್ದರು, ಪಾಲಿಕೆಯನ್ನು ನಡೆಸಿದವರು ಆಡಳಿತಾಧಿಕಾರಿ. ಬೆಂಗಳೂರಿನ ಬಿಬಿಎಂಪಿಗೆ 2015ರ ಆಗಸ್ಟ್ ಬಳಿಕ ಚುನಾವಣೆಯೇ ಆಗಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು, 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆದಾಗಲೂ ಸದಸ್ಯರಿರಲಿಲ್ಲ. ಮೈಸೂರು, ಶಿವಮೊಗ್ಗದ ಪಾಲಿಕೆಗಳ ಅವಧಿ 2023ರಲ್ಲಿ ಮುಗಿಯಿತು, ಮಂಗಳೂರಿನದು 2025ರ ಫೆಬ್ರವರಿಯಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನದ 243ಯು ಹೇಳುತ್ತದೆ, ಸುಪ್ರೀಂ ಕೋರ್ಟು 2006ರಲ್ಲೂ 2022ರಲ್ಲೂ ಅದನ್ನೇ ಎತ್ತಿಹಿಡಿದಿದೆ. ಅಧಿಕಾರದಲ್ಲಿ ಯಾವ ಪಕ್ಷ ಇದ್ದರೂ ಈ ವಿಳಂಬ ನಡೆದಿದೆ ಎಂಬುದೇ ನೋವಿನ ಸಂಗತಿ.

ಹಾಗಾಗಿ ಮತ ಕೇಳಲು ಬಂದ ಪಕ್ಷದವರ ಬಳಿ ಇನ್ನೊಂದು ಪ್ರಶ್ನೆ ಇರಲಿ: ಫಲಿತಾಂಶ ಬಂದು ಎರಡು ತಿಂಗಳಾದರೂ ಮೇಯರ್ ಚುನಾವಣೆಯ ದಿನಾಂಕ ಬಾರದಿದ್ದರೆ ನಿಮ್ಮ ಶಾಸಕರು ಏನು ಮಾಡುತ್ತಾರೆ? ಮೀಸಲಾತಿ ಪಟ್ಟಿ ಕೋರ್ಟಿನಲ್ಲಿದೆ ಎಂಬ ಉತ್ತರ ಬಂದರೆ ಕೋರ್ಟಿಗೆ ಹೋದವರು ಯಾರು, ಸರ್ಕಾರ ತನ್ನ ಆಕ್ಷೇಪಣೆ ಸಲ್ಲಿಸಿದ್ದು ಯಾವಾಗ ಎಂದು ಕೇಳಿ. ನಾಗರಿಕ ಸಂಘಗಳು, ವರ್ತಕರ ಸಂಘ, ನಿವಾಸಿಗಳ ಸಂಘ ಒಟ್ಟಾಗಿ ಪ್ರಾದೇಶಿಕ ಆಯುಕ್ತರಿಗೆ ಮನವಿ ಕೊಡಬಹುದು. ಹೈಕೋರ್ಟಿನ ಧಾರವಾಡ ಪೀಠ ನಮ್ಮ ಪಕ್ಕದಲ್ಲೇ ಇದೆ.